ತಮ್ಮ ಹೇಳಿದ್ದು ಅದಲ್ಲ

ತಮ್ಮ ಸೋಫಾದ ಮೇಲೆ ಕೂರುವುದನ್ನು ಬಿಟ್ಟಿದ್ದ.

ಅಕ್ಕನಿಗೆ ಚಿಂತೆಗಳೇನೂ ಹೊಸವಲ್ಲ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹತ್ತಿ ಬರುವವಳು. ಮಗಳು ಒಂದು ಸಲ ಕೆಮ್ಮಿದರೆ ಅವಳ ಹಣೆ ಮುಟ್ಟಿ, ಕತ್ತು ಮುಟ್ಟಿ, ಸಾಲದ್ದಕ್ಕೆ ತನ್ನ ಹಣೆಯನ್ನೂ ಮುಟ್ಟಿ ಹೋಲಿಸಿ ನೋಡುವವಳು. “ಚಿಂತೆ ಮಾಡೋಕೆ ಏನೂ ಸಿಗದ ದಿನ, ಏನೂ ಸಿಗಲಿಲ್ವಲ್ಲ ಅಂತ ಚಿಂತೆ ಮಾಡ್ತೀಯ ನೀನು” ಎಂದು ಗಂಡ ರೇಗಿಸುತ್ತಿದ್ದ. ಆ ಚಿಂತೆಗಳೆಲ್ಲ ಬಂದ ಹಾಗೆಯೇ ಹೋಗುತ್ತಿದ್ದವು. ಇದು ಹೋಗಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ, ಪಾತ್ರೆ ತೊಳೆಯುವಾಗಲೂ ಮಗಳ ತಲೆ ಬಾಚುವಾಗಲೂ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗಿ ತಡಕಾಡುತ್ತಿತ್ತು.

ಯಾಕೆಂದರೆ ತಮ್ಮನ ಕೆಲಸವೇ ಸೋಫಾ ಮಾಡುವುದು. ಅವಳ ಮನೆಯ ಹೊರಕೋಣೆಯಲ್ಲಿದ್ದ ಬೂದು ಬಣ್ಣದ ಸೋಫಾವನ್ನು ಅವನೇ ಕೈಯಾರೆ ಮಾಡಿಕೊಟ್ಟಿದ್ದ. ದಿನಾ ಸಂಜೆ ಅಂಗಡಿಯಿಂದ ಬಂದವನೇ ಅದರ ಮೇಲೆ ದೊಪ್ಪನೆ ಬಿದ್ದು, ಕಾಲೆರಡನ್ನೂ ಅದರ ಕೈಯ ಮೇಲೆ ಚಾಚಿ, “ಬಾರೇ ಪುಟ್ಟೀ” ಎಂದು ಅಕ್ಕನ ಮಗಳನ್ನು ಹೊಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಈಗ ಬಂದವನು ಗೋಡೆಗೆ ಒರಗಿ ನಿಲ್ಲುತ್ತಾನೆ. ಊಟವೂ ನಿಂತೇ. ಹಾಸಿಗೆಯನ್ನು ಸುತ್ತಿ ಬಾಲ್ಕನಿಗೆ ಹಾಕಿದ್ದಾನೆ. ಬರಿ ನೆಲದ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು ಮಲಗುತ್ತಾನೆ.

“ಯಾಕೋ, ಏನಾಯ್ತೋ?” ಎಂದು ಅವಳು ಕೇಳಿದಾಗ ಅವನು ಸೋಫಾದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ:

“ಒಳಗೆ ಮಾತಾಡ್ತಾರೆ ಅಕ್ಕ. ಅದರ ಮೇಲೆ ಕೂತು ಎದ್ದು ಹೋದವರು.”

ಒಳಗಿನಿಂದ ಗಂಡ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದ. “ಏನಂತೆ ನಮ್ಮ ಭಾವಮೈದುನರದ್ದು? ಸೋಫಾದ ಮೇಲೆ ಮುನಿಸೇ?”

“ಬೆನ್ನು ನೋವಂತೆ” ಎಂದಳು. ಬಾಯಿಯಿಂದ ಅದು ತಾನಾಗಿಯೇ ಬಂತು.

ಗಂಡ ನಂಬಿದ. ನಂಬದೆ ಏನು ಮಾಡುತ್ತಾನೆ? ತಮ್ಮನ ಮಾತು ಅಕ್ಕನೊಬ್ಬಳನ್ನು ಬಿಟ್ಟರೆ ದೊಡ್ಡವರಲ್ಲಿ ಬೇರೆ ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ.

ಅವನು ಹುಟ್ಟಿದಾಗ ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಬಾಯಿ ನೋಡಿದರೆ ಸರಿಯಾಗಿಯೇ ಇತ್ತು. ಅಂಗುಳದ ಹಿಂಭಾಗ ಮಾತ್ರ ಒಳಗೊಳಗೇ ಕೂಡಿಕೊಂಡಿರಲಿಲ್ಲ. ಹೃದಯದಲ್ಲಿ ತೂತು. ಸಣ್ಣದಕ್ಕೆಲ್ಲ ಜ್ವರ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಮೇಲೆ ಒಬ್ಬ ವಯಸ್ಸಾದ ಡಾಕ್ಟರು ರಕ್ತದ ಪರೀಕ್ಷೆ ಮಾಡಿಸಿ ಅಮ್ಮನನ್ನು ಎದುರು ಕೂರಿಸಿಕೊಂಡು ಹೇಳಿದರು. ನಮ್ಮ ಮೈಯ ಕಣಕಣದಲ್ಲೂ ವರ್ಣತಂತುಗಳು ಅಂತ ಇರುತ್ತವೆ, ಅವುಗಳಲ್ಲಿ ಒಂದರ ಒಂದು ಚೂರು ಇವನಲ್ಲಿ ಇಲ್ಲ. ಹುಟ್ಟುವ ಮೊದಲೇ ಬಿಟ್ಟುಹೋದದ್ದು. ಅಪ್ಪನಲ್ಲೂ ಅಮ್ಮನಲ್ಲೂ ಆ ದೋಷ ಇಲ್ಲ, ಯಾರ ತಪ್ಪೂ ಅಲ್ಲ.

“ಅಷ್ಟು ಚೂರಿಗೆ ಇಷ್ಟೆಲ್ಲಾನಾ ಡಾಕ್ಟ್ರೇ?” ಎಂದಿದ್ದಳಂತೆ ಅಮ್ಮ.

ಡಾಕ್ಟರು ಆಗಲೇ ಇನ್ನೊಂದು ಮಾತನ್ನೂ ಹೇಳಿದ್ದರು. “ಹೃದಯ ನಾವು ಹೊಲಿದು ಕೊಡ್ತೀವಿ. ಆದ್ರೆ ಹುಡುಗ ದೊಡ್ಡವನಾಗ್ತಾ ಅವನ ಮನಸ್ಸಿನ ಮೇಲೆ ಕಣ್ಣಿಟ್ಟಿರಿ. ಎಲ್ಲರಿಗೂ ಆಗಲ್ಲ, ಕೆಲವರಿಗೆ ಆಗುತ್ತೆ. ಯಾರೂ ಇಲ್ಲದ ಕಡೆ ದನಿ ಕೇಳ್ಸೋದು, ಯಾರೋ ಬೆನ್ನು ಹತ್ತಿದ್ದಾರೆ ಅನ್ಸೋದು. ಅಂಥದ್ದು ಕಂಡ್ರೆ ತಕ್ಷಣ ಬನ್ನಿ. ಬೇಗ ಬಂದ್ರೆ ಔಷಧಿ ಇದೆ.”

ಅಮ್ಮ ಈ ಮಾತನ್ನು ಸಾಯುವವರೆಗೂ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು. ಸಾಯುವ ಮುಂಚೆ ಮಗಳಿಗೆ ಬಿಚ್ಚಿ ಕೊಟ್ಟಳು. “ಅವನ ಬಾಯಿ ನೀನೇ ಕಣೇ” ಎಂದಳು. “ಕಣ್ಣೂ ನೀನೇ ಆಗು.”

ಬಾಯಿ ಆಗುವುದು ಅವಳಿಗೆ ಚಿಕ್ಕಂದಿನಿಂದಲೂ ನೀರು ಕುಡಿದಷ್ಟು ಸಲೀಸು. ಅಂಗುಳಕ್ಕೆ ಹೊಲಿಗೆ ಹಾಕಿದ ಮೇಲೂ ತಮ್ಮನ ಮಾತಿನ ಗಾಳಿಯೆಲ್ಲ ಮೂಗಿಗೇ ನುಗ್ಗುತ್ತಿತ್ತು. ‘ಬಾಗಿಲು’ ಅವನ ಬಾಯಲ್ಲಿ ‘ಮಾಗಿಲು’. ಬೀದಿಯ ಹುಡುಗರು ಅವನಿಗೆ ‘ಪೀಪಿ’ ಎಂದು ಹೆಸರಿಟ್ಟರು. ಬರೆದು ತೋರಿಸೋಣವೆಂದರೆ ಅಕ್ಷರಗಳೂ ಅವನ ಮಾತು ಕೇಳಲಿಲ್ಲ. ಹಾಗಾಗಿ ಅವನು ಹೇಳುವುದು, ಎದುರಿನವರು ಪಿಳಿಪಿಳಿ ನೋಡುವುದು, ಅವಳು ಬಿಡಿಸಿ ಹೇಳುವುದು. ಹೇಳುವಾಗ ಒಂಚೂರು ತಿದ್ದುವುದು.

ಒಮ್ಮೆ ಬ್ರೆಡ್ ಅಂಗಡಿಯಲ್ಲಿ ಅವನು, “ಈ ಮುದುಕನ ಬ್ರೆಡ್ಡಲ್ಲಿ ಹುಳ ಇದೆ, ಅಲ್ಲಿಂದ್ಲೇ ತಲೆಗೂ ಹತ್ತಿರ್ಬೇಕು” ಎಂದ.

“ಏನಮ್ಮಾ ಹೇಳ್ತಿದ್ದಾನೆ?”

“ಇವತ್ತಿನ ಬ್ರೆಡ್ ಇದ್ದರೆ ಕೊಡ್ತೀರಾ ಅಂತ ಕೇಳ್ತಿದ್ದಾನೆ, ತಾತಾ.”

“ನೋಡು, ಎಷ್ಟು ವಿನಯ ಹುಡುಗನಿಗೆ!”

ಬೀದಿಯ ತಿರುವು ದಾಟುವವರೆಗೂ ತಮ್ಮ ತುಟಿ ಬಿಗಿಹಿಡಿದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ನಾನು ಹೇಳಿದ್ದು ಅದಲ್ಲ!” ಅದು ಅವರಿಬ್ಬರ ಆಟವೇ ಆಗಿಹೋಯಿತು. ಅವಳನ್ನು ನೋಡಲು ಗಂಡ ಮೊದಲ ಸಲ ಮನೆಗೆ ಬಂದು ಕೂತಾಗಲೂ ತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, “ಕಿವಿ ದೊಡ್ಡದಿದೆ, ನಿನ್ನ ಪುರಾಣ ಕೇಳೋಕೆ ಸರಿಹೋಗ್ತಾನೆ” ಎಂದಿದ್ದ. “ನಿಮ್ಮನ್ನ ನೋಡಿ ಖುಷಿಯಾಯ್ತಂತೆ” ಎಂದಿದ್ದಳು ಅವಳು. ಗಂಡನಿಗೆ ನಿಜ ತಿಳಿದದ್ದು ಮದುವೆಯಾದ ಮೇಲೆ, ಅವನೂ ನಕ್ಕ.

ಮಾತು ಹೇಗೇ ಇರಲಿ, ಕೈ ಮಾತ್ರ ಚಿನ್ನದಂಥದ್ದು. ಮುಖ್ಯರಸ್ತೆಯ ಹಿಂದಿನ ಕುಶನ್ ಅಂಗಡಿಗೆ ಅವನು ಕೆಲಸಕ್ಕೆ ಸೇರಿದಾಗ ಯಜಮಾನ ಹುಬ್ಬು ಗಂಟಿಕ್ಕಿದ್ದ. ಆಮೇಲೆ ಮೂಲೆ ಹೊಲಿಗೆಯೆಂದರೆ ಇವನನ್ನೇ ಕರೆಯುತ್ತಿದ್ದ. ಅಂಗಡಿ ಉದ್ದನೆಯ, ಕತ್ತಲೆ ಕತ್ತಲೆಯ ಒಂದು ಕೋಣೆ. ಒಂದು ಗೋಡೆಗೆ ರೆಕ್ಸಿನ್ ಸುರುಳಿಗಳು, ಇನ್ನೊಂದಕ್ಕೆ ಆನಿಸಿಟ್ಟ ಫೋಮ್ ಹಲಗೆಗಳು, ನಡುವೆ ಮೂಳೆ ತೋರಿಸಿಕೊಂಡು ನಿಂತ ಕುರ್ಚಿಗಳು. ತಮ್ಮ ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಸಾಲಾಗಿ ಹಿಡಿದುಕೊಂಡು, ಒಂದೊಂದನ್ನೇ ನಾಲಿಗೆಯಿಂದ ಮುಂದೆ ತಳ್ಳಿ, ಬೆರಳಿಗೆ ಬಂದ ಕೂಡಲೇ ಟಪ್ಪೆಂದು ಹೊಡೆಯುತ್ತಿದ್ದ. ಹಾಗೆ ಎಲ್ಲರ ಬಾಯಿ ತುಂಬ ಮೊಳೆ ಇರುವಾಗ ಅಲ್ಲಿ ಯಾರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಅವನಿಗೆ ಅಲ್ಲಿ ಸುಖವಿತ್ತು.

ಆ ಅಂಗಡಿಯಿಂದಲೇ ಒಂದು ಬೆಳಿಗ್ಗೆ ಫೋನ್ ಬಂತು. “ಅಮ್ಮಾ, ಒಂದ್ಸಲ ಬಂದು ಹೋಗಿ. ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಿನ ಹಳೇ ಸೋಫಾ ರಿಪೇರಿ ಮುಗಿಸಿ ಇಟ್ಟಿದ್ವಿ. ಬಂದು ನೋಡಿದ್ರೆ ನಿಮ್ಮ ತಮ್ಮ ಅದರ ಹೊಟ್ಟೆ ಸೀಳಿ ಹಾಕಿದ್ದಾನೆ! ಏನೋ ಹೇಳ್ತಾನೆ, ನಮಗೆ ತಲೆಬುಡ ತಿಳೀತಿಲ್ಲ.”

ಮಗಳನ್ನು ಸೊಂಟಕ್ಕೇರಿಸಿಕೊಂಡು ಓಡಿದಳು. ಸೋಫಾದ ಕರುಳೆಲ್ಲ ಹೊರಗೆ ಬಿದ್ದಿತ್ತು. ತಮ್ಮ ಅದರ ಪಕ್ಕದಲ್ಲಿ ಬೆವೆತುಕೊಂಡು ನಿಂತಿದ್ದ. ಅವಳನ್ನು ಕಂಡದ್ದೇ ಮುಖ ಅರಳಿತು.

“ಅಕ್ಕ, ಇವರಿಗೆ ಹೇಳು. ಇದರೊಳಗೆ ಮೂವರಿದ್ದಾರೆ, ಹಲ್ಲು ಕೀಳಿಸ್ಕೊಂಡೋರು. ನನ್ನ ಪೀಪಿ ಪೀಪಿ ಅಂತ ಆಡಿಕೊಳ್ತಾರೆ, ಸಾಯಿ ಅಂತಾರೆ. ತೆಗೆದು ಹಾಕಿದೆ. ಆದ್ರೂ ಹೋಗಿಲ್ಲ, ಆ ಕುರ್ಚಿಗೆ ಹೋಗಿ ಸೇರ್ಕೊಂಡ್ರು.”

ಯಜಮಾನ ಕೊರಳಿನ ಅಳತೆ ಟೇಪನ್ನು ಎಳೆದಾಡುತ್ತ ಅವಳ ಮುಖ ನೋಡಿದ. ಕೆಲಸದವರೂ ನೋಡಿದರು.

“ಒಳಗೆ ಸ್ಪ್ರಿಂಗ್ ಸದ್ದು ಮಾಡ್ತಿತ್ತಂತೆ” ಎಂದಳು. “ಕೂತವರಿಗೆ ಕೇಳಿಸಿದ್ರೆ ಅಂಗಡಿ ಹೆಸರು ಕೆಡುತ್ತೆ ಅಂತ ಬಿಚ್ಚಿದನಂತೆ.”

ಯಜಮಾನ ಬಗ್ಗಿ ಸ್ಪ್ರಿಂಗುಗಳನ್ನು ಒಂದೊಂದಾಗಿ ಒತ್ತಿದ. ಅವಳ ಅದೃಷ್ಟವೋ ದುರದೃಷ್ಟವೋ, ಒಂದು ಕಿರ್ರೆಂದಿತು. “ನೋಡ್ರೋ!” ಎಂದು ಪಕ್ಕದ ಕೆಲಸದವನ ಮೇಲೆ ಹರಿಹಾಯ್ದ. “ನಿನಗೆ ಕಿವಿ ಇರೋದು ಕೇಳೋಕೋ, ಕನ್ನಡಕ ನೇತುಹಾಕೋಕೋ? ಅವನನ್ನ ನೋಡಿ ಕಲ್ತ್ಕೋ!”

ತಮ್ಮನ ಬೆನ್ನು ತಟ್ಟಿದರು. ಅವನು ಅಕ್ಕನನ್ನೇ ನೋಡುತ್ತಿದ್ದ. “ನಾನು ಹೇಳಿದ್ದು ಅದಲ್ಲ” ಎಂದ. ಈ ಸಲ ಅದರಲ್ಲಿ ನಗುವಿರಲಿಲ್ಲ.

ಮಗಳನ್ನೆತ್ತಿಕೊಂಡು ಮನೆಯ ದಾರಿ ಹಿಡಿದಳು. ಗೊತ್ತಿಲ್ಲದೆ ಏನು, ಎಲ್ಲ ಗೊತ್ತಿತ್ತು. ಅಮ್ಮ ಬಿಚ್ಚಿ ಕೊಟ್ಟ ಗಂಟು ಎದುರಿಗೇ ಇತ್ತು. ಇಷ್ಟು ವರ್ಷ ಅವನ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾದವಳು ಅವಳೇ. ಕಾದದ್ದು ಬಂದು ಬಾಗಿಲು ತಟ್ಟಿದಾಗ, ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಿ ಕಳಿಸುತ್ತಿರುವವಳೂ ಅವಳೇ. ಹೇಳಿದರೆ ಅಂಗಡಿಯ ಕೆಲಸ ಹೋಗುತ್ತದೆ. ‘ಪೀಪಿ’ ಎಂದ ಬೀದಿ ನಾಳೆ ‘ಹುಚ್ಚ’ ಎನ್ನುತ್ತದೆ. ಗಂಡ ಒಳ್ಳೆಯವನೇ, ಆದರೆ ಆಮೇಲೂ ಮಗಳನ್ನು ಮಾಮನ ಹೊಟ್ಟೆಯ ಮೇಲೆ ಕೂರಲು ಬಿಟ್ಟಾನೇ? ಜೊತೆಗೆ ಯಾರಿಗೂ ಹೇಳದ ಇನ್ನೊಂದು ಹೆದರಿಕೆ: ಮಗಳು ಹುಟ್ಟಿದ ದಿನ ಅವಳು ನರ್ಸಿಗೆ ದುಂಬಾಲು ಬಿದ್ದು, ಕೂಸಿನ ಅಂಗುಳವನ್ನು ಟಾರ್ಚು ಬಿಟ್ಟು ನೋಡಿಸಿದ್ದಳು. ಡಾಕ್ಟರು ಏನೇ ಹೇಳಿರಲಿ, “ನಿಮ್ಮ ಕಡೆಯ ರಕ್ತ” ಎಂದು ಒಬ್ಬರು ಬಾಯಿಬಿಟ್ಟರೆ ಸಾಕು, ಆ ಟಾರ್ಚಿನ ಬೆಳಕು ಮಗಳು ಬೆಳೆದು ದೊಡ್ಡವಳಾಗುವವರೆಗೂ ಅವಳ ಮೇಲೆ ಬೀಳುತ್ತಲೇ ಇರುತ್ತದೆ. ಇನ್ನೊಂದು ವಾರ ನೋಡೋಣ, ಎಂದುಕೊಂಡಳು. ನಿದ್ದೆ ಸರಿಯಾದರೆ ಸರಿಹೋಗಬಹುದು.

ಸರಿಹೋಗಲಿಲ್ಲ. ತಮ್ಮ ಇಳಿದುಹೋದ. ಕೆನ್ನೆಯ ಮೂಳೆ ಎದ್ದು ಬಂತು. ಆದರೂ ಹೃದಯದ ವರ್ಷದ ತಪಾಸಣೆಯ ದಿನ ಅವನು ಬೇಗ ಎದ್ದು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಸಿದ್ಧನಾಗಿ ನಿಂತಿದ್ದ.

“ಇವತ್ತು ಡಾಕ್ಟರ್ ಮೇಡಂಗೆ ಎಲ್ಲಾ ಹೇಳ್ಬಿಡ್ತೀನಿ ಅಕ್ಕ.”

ಅವಳು ಹೂಂ ಎಂದಳು.

ವಯಸ್ಸಾದ ಡಾಕ್ಟರು ನಿವೃತ್ತರಾಗಿ, ಅವರ ಜಾಗಕ್ಕೆ ಒಬ್ಬ ಯುವತಿ ಬಂದಿದ್ದರು. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ತೂಕ ನೋಡಿ “ಯಾಕಿಷ್ಟು ಇಳಿದಿದ್ದೀರಿ?” ಎಂದರು. ಆಮೇಲೆ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. ಅವನು ನಿಂತೇ ಇದ್ದ.

“ಮನಸ್ಸು ಹೇಗಿದೆ? ಬೇರೆಯವರಿಗೆ ಕೇಳಿಸದೆ ಇರೋದು ನಿಮಗೆ ಏನಾದ್ರೂ ಕೇಳಿಸ್ತಿದೆಯಾ?”

ಎಷ್ಟು ದಿನದಿಂದ ಯಾರಾದರೂ ಇದೊಂದನ್ನು ಕೇಳಲಿ ಎಂದು ಕಾದಿದ್ದನೋ, ತಮ್ಮ ಕಟ್ಟೆಯೊಡೆದ ಹಾಗೆ ಮಾತಾಡಿದ. ಸೋಫಾದವರು, ಕುರ್ಚಿಯವರು, ಬಸ್ಸಿನ ಸೀಟಿನವರು, ಅವರು ಬಯ್ಯುವ ಬೈಗುಳ, ಅವರಿಗೆ ತನ್ನ ಮೇಲೇಕೆ ಇಷ್ಟು ಸಿಟ್ಟು ಎಂಬ ಪ್ರಶ್ನೆ. ಮೇಡಂ ಮುಂದೆ ಬಾಗಿ, “ಕ್ಷಮಿಸಿ, ಇನ್ನೊಂದ್ಸಲ ಹೇಳ್ತೀರಾ?” ಎಂದರು. ಅವನು ಮೊದಲಿನಿಂದ ಮತ್ತೆ ಹೇಳಿದ. ನಿಧಾನವಾಗಿ, ಒಂದೊಂದೇ ಮಾತನ್ನು ಮೊಳೆಯ ಹಾಗೆ ಮುಂದೆ ತಳ್ಳಿ. ಅವರಿಗೆ ತಿಳಿಯಲಿಲ್ಲ. ಇಬ್ಬರೂ ಅವಳ ಕಡೆ ತಿರುಗಿದರು.

ನಿಜ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಆ ನಾಲಿಗೆ ಚಿಕ್ಕಂದಿನಿಂದ ಒಂದೇ ಕೆಲಸ ಕಲಿತಿತ್ತು.

“ಅಂಗಡೀಲಿ ಮಷಿನ್ ಸದ್ದು ಜಾಸ್ತಿ, ಮೇಡಂ. ಮನೆಗೆ ಬಂದ ಮೇಲೂ ಕಿವೀಲಿ ಗುಂಯ್ ಅನ್ನುತ್ತಂತೆ. ಅದಕ್ಕೇ ನಿದ್ದೆ ಇಲ್ಲ.”

“ಇಷ್ಟೊತ್ತು ಹೇಳಿದ್ದು ಅದೇನಾ?”

“ಅದೇ ಮೇಡಂ.”

ಅವರು ಅರೆಮನಸ್ಸಿನಿಂದ ಕಿವಿ ಪರೀಕ್ಷೆಗೆ ಬರೆದುಕೊಟ್ಟರು. ತಮ್ಮದೇ ನಂಬರನ್ನೂ ಅವಳ ಫೋನಿನಲ್ಲಿ ಹಾಕಿಸಿದರು. “ಬೇರೇನಾದ್ರೂ ಅನ್ಸಿದ್ರೆ ನೇರ ನನಗೇ ಮಾಡಿ. ಹೊತ್ತುಗೊತ್ತು ನೋಡ್ಬೇಡಿ.”

ಹೊರಗೆ ಆಸ್ಪತ್ರೆಯ ಬಿಳಿ ಟೈಲಿನ ಉದ್ದನೆಯ ಕಾರಿಡಾರು. ಜನ ರೋಗಿಗಳ ತಳ್ಳುಗಾಡಿಗಳ ಪಕ್ಕ ಸರಿದುಕೊಂಡು ಓಡಾಡುತ್ತಿದ್ದರು. ತಮ್ಮ ಕಾರಿಡಾರಿನ ಮಧ್ಯೆ ನಿಂತುಬಿಟ್ಟ.

“ಸೋಫಾದೋರು ಮೊದಲೇ ಹೇಳಿದ್ರು” ಎಂದ. “ನಿನ್ನ ಅಕ್ಕ ನಿನ್ನ ಮಾತನ್ನ ಬದಲಾಯಿಸ್ತಾಳೆ, ಅವಳು ನಮ್ಮ ಕಡೆಯವಳು ಅಂತ. ಸುಳ್ಳು ಅಂತ ಜಗಳ ಆಡಿದ್ದೆ ಅಕ್ಕ, ನಿನ್ನ ಪರವಾಗಿ.”

ಇಲ್ಲದವರು ಹೇಳಿದ ಮಾತುಗಳಲ್ಲಿ ಅದೊಂದು ನಿಜವಾಗಿತ್ತು. ನಿಜ ಮಾಡಿದವಳು ಅವಳು.

ಅಂದಿನಿಂದ ಅವನು ಅವಳೊಂದಿಗೆ ಮಾತು ಬಿಟ್ಟ. ಅವಳು ಬಡಿಸಿದ್ದನ್ನು ಮುಟ್ಟಲಿಲ್ಲ. ನಲ್ಲಿಯ ನೀರು, ತಾನೇ ಪೊಟ್ಟಣ ಬಿಚ್ಚಿದ ಬಿಸ್ಕತ್ತು, ಅಷ್ಟೇ. ಅಂಗಡಿಯಲ್ಲಿ ಇನ್ನೂ ಎರಡು ಸೋಫಾಗಳ ಹೊಟ್ಟೆ ಸೀಳಿದ ಮೇಲೆ ಯಜಮಾನ, “ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಮೇಸ್ತ್ರಿಗಳೇ” ಎಂದು ಕೈಮುಗಿದು ಮನೆಗೆ ಕಳಿಸಿದ. “ಬೆನ್ನು ನೋವು ಇನ್ನೂ ಹೋಗಿಲ್ವಾ?” ಎಂದು ಗಂಡ ಕೇಳಿದ. “ಇಲ್ಲ” ಎಂದಳು. ತೇಪೆಯ ಮೇಲೆ ತೇಪೆ ಹಾಕುತ್ತ ಹೋದರೆ ಕೊನೆಗೆ ಬಟ್ಟೆ ಯಾವುದು ತೇಪೆ ಯಾವುದು ತಿಳಿಯದ ಹಾಗೆ, ಅವಳಿಗೇ ಒಮ್ಮೊಮ್ಮೆ ಅದು ಬೆನ್ನು ನೋವೇ ಇರಬಹುದೇನೋ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಮಗಳು ಮಲಗಿದ್ದಾಳೆಂದು ಅವಳು ಬಟ್ಟೆ ಒಣಹಾಕಲು ಮೇಲೆ ತಾರಸಿಗೆ ಹೋದಳು. ಕೊನೆಯ ಬಟ್ಟೆಗೆ ಕ್ಲಿಪ್ಪು ಹಾಕುವಾಗ ಕೆಳಗಿನಿಂದ ಪರಪರ ಹರಿಯುವ ಸದ್ದು ಕೇಳಿಸಿತು. ಮೆಟ್ಟಿಲನ್ನು ಹೇಗೆ ಇಳಿದಳೋ ಅವಳಿಗೇ ತಿಳಿಯದು.

ಮಗಳ ಹಾಸಿಗೆ ಉದ್ದಕ್ಕೆ ಸೀಳಿತ್ತು. ಹತ್ತಿ ಕೋಣೆಯ ತುಂಬ ಹಾರುತ್ತಿತ್ತು. ತಮ್ಮ ಮೊಣಕಾಲೂರಿ, ಒಂದು ಕೈಯಲ್ಲಿ ಅಂಗಡಿಯ ದೊಡ್ಡ ಕತ್ತರಿ ಹಿಡಿದು, ಇನ್ನೊಂದನ್ನು ಹಾಸಿಗೆಯೊಳಗೆ ತೋಳಿನವರೆಗೂ ತೂರಿಸಿ ಹುಡುಕುತ್ತಿದ್ದ. ಬೆರಳುಗಳಿಂದ ರಕ್ತ. ಮಗಳನ್ನು ಅವನು ಮೊದಲೇ ಎತ್ತಿ ದೂರದ ಮೂಲೆಯಲ್ಲಿ, ತನ್ನ ಅಂಗಿಯನ್ನು ಮಡಿಸಿ ಹಾಸಿ, ಅದರ ಮೇಲೆ ಜೋಪಾನವಾಗಿ ಕೂರಿಸಿದ್ದ. ಹುಡುಗಿ ತಲೆಯ ಮೇಲೆಲ್ಲ ಹತ್ತಿ ಅಂಟಿಸಿಕೊಂಡು ನಗುತ್ತಿದ್ದಳು.

ಅವಳು ಮಗಳನ್ನು ಬಾಚಿ ಎದೆಗೆ ಅವುಚಿಕೊಂಡಳು. “ಏನೋ ಇದು? ಏನು ಹೇಳ್ತಿದ್ದಾರೋ ಅವರು? ನನಗೆ ಹೇಳೋ!”

ಅವನು ತಲೆಯೆತ್ತಿದ. ಎಷ್ಟೋ ದಿನಗಳ ಮೇಲೆ ಅವಳೊಂದಿಗೆ ಮಾತಾಡಿದ.

“ನಿನಗೆ ಹೇಳಿದ್ರೆ ನೀನು ಬದಲಾಯಿಸಿ ಹೇಳ್ತೀಯ.”

ಮತ್ತೆ ಹಾಸಿಗೆಯ ಕಡೆ ಬಗ್ಗಿದ. ಅವಳು ಮಗಳ ಕೂದಲಿಂದ ಹತ್ತಿ ತೆಗೆಯುವ ನೆಪದಲ್ಲಿ ಅವಳ ಕಿವಿಯ ಹತ್ತಿರ ಬಾಯಿಟ್ಟಳು. ಹುಟ್ಟಿದಾಗಿನಿಂದ ಮಾಮನ ಹೊಟ್ಟೆಯ ಮೇಲೆ ಬೆಳೆದ ಕೂಸಿಗೆ ಅವನ ಭಾಷೆ ಬರುತ್ತಿತ್ತು.

“ಪುಟ್ಟೀ, ಮಾಮ ನಿನಗೇನು ಹೇಳ್ದ?”

“ಹಾಸಿಗೇಲಿ ಕೆಟ್ಟೋರು ಇದ್ದಾರಂತೆ” ಎಂದಳು ಮಗಳು, ಮಾಮನ ಹಾಗೆಯೇ ದನಿ ತಗ್ಗಿಸಿ. “ನನ್ನ ಹಿಡ್ಕೊಂಡು ಹೋಗ್ತಾರಂತೆ. ಮಾಮ ಸತ್ತೋದ್ರೆ ಮಾತ್ರ ನನ್ನ ಬಿಡ್ತಾರಂತೆ. ಅದಕ್ಕೆ ಮಾಮ ಮೊದ್ಲು ಹುಡುಕ್ತೀನಿ, ಸಿಗ್ಲಿಲ್ಲ ಅಂದ್ರೆ ಸಾಯ್ತೀನಿ ಅಂದ. ಅಮ್ಮ, ಸಾಯೋದು ಅಂದ್ರೆ ಎಲ್ಲಿಗೆ ಹೋಗೋದು?”

ಕೂಸು ಒಂದಕ್ಷರ ಆಚೀಚೆ ಮಾಡಿರಲಿಲ್ಲ.

ಗಂಡನಿಗೆ ಫೋನ್ ಮಾಡೋಣವೆಂದುಕೊಂಡಳು. ಅವನಿಗೆ ಮೊದಲು ಬೆನ್ನು ನೋವಿನ ಕಥೆಯಿಂದ ಹೇಳಬೇಕು. ಅಷ್ಟು ಹೊತ್ತಿರಲಿಲ್ಲ. ಎರಡು ಸಲ ತಪ್ಪು ಹೆಸರು ಒತ್ತಿದಳು. ಮೂರನೆಯ ಸಲ ಮೇಡಂ ಎತ್ತಿದರು.

“ಮೇಡಂ, ಅವತ್ತು ನಾನು ಹೇಳಿದ್ದು ಅವನ ಮಾತಲ್ಲ” ಎಂದಳು. ಮುಂದಿನದು ತಡೆಯಿಲ್ಲದೆ ಬಂತು. ಸೋಫಾದವರು, ಬಸ್ಸಿನವರು, ಈಗ ಹಾಸಿಗೆಯವರು, ಮಗಳು ಹೇಳಿದ್ದು.

ಆ ಕಡೆಯ ದನಿಯಲ್ಲಿ ಬೈಗುಳವಿರಲಿಲ್ಲ, ಅವಸರವಿತ್ತು. “ಈಗ ಎಲ್ಲಿದ್ದಾರೆ? ಕೈಯಲ್ಲಿ ಏನಾದ್ರೂ ಇದೆಯಾ?”

“ಎದುರಿಗೇ ಇದ್ದಾನೆ. ಕತ್ತರಿ ಇದೆ.”

“ಕಿತ್ಕೊಳ್ಳೋಕೆ ಹೋಗ್ಬೇಡಿ, ಕೆಳಗಿಡು ಅಂತ ಕೇಳಿ. ಒಬ್ಬರನ್ನೇ ಬಿಡ್ಬೇಡಿ. ಆಂಬ್ಯುಲೆನ್ಸ್ ಕಳಿಸ್ತೀನಿ, ವಿಳಾಸ ಹೇಳಿ. ಇವರ ಕಾಯಿಲೇಲಿ ರಕ್ತದ ಕ್ಯಾಲ್ಸಿಯಂ ಇಳಿದ್ರೂ ಹೀಗಾಗುತ್ತೆ, ಅದನ್ನ ನೋಡ್ಬೇಕು, ಮನಸ್ಸಿನ ಡಾಕ್ಟರನ್ನೂ ಇಲ್ಲೇ ಇರಿಸ್ಕೊಳ್ತೀನಿ. ಮನೇಲಿ ಇನ್ಯಾರಿದ್ದಾರೆ?”

“ನಾನು, ಮಗು. ಗಂಡನಿಗೆ ಗೊತ್ತಿಲ್ಲ.”

“ಸರಿ. ಅವರು ನನ್ನ ಹತ್ರ ಮಾತಾಡ್ತಾರಾ? ಸ್ಪೀಕರ್ ಹಾಕಿ. ನೀವು ಪಕ್ಕದಲ್ಲಿರಿ.”

ಅವಳು ವಿಳಾಸ ಹೇಳಿ, ಫೋನನ್ನು ಹತ್ತಿಯ ನಡುವೆ ನೆಲದ ಮೇಲಿಟ್ಟು ತಾನೂ ಕೂತಳು. “ಮೇಡಂ ಕೇಳಿಸ್ಕೊಳ್ತಿದ್ದಾರೆ ಕಣೋ. ನೀನು ಹೇಳು. ನೀನು ಅಂದದ್ದನ್ನೇ ಅಂತೀನಿ.”

ಅವನು ಫೋನನ್ನು ನೋಡಿದ, ಅವಳನ್ನು ನೋಡಿದ. ಕತ್ತರಿ ಕೈಯಲ್ಲೇ ಇತ್ತು. ನಂಬಬೇಕೋ ಬೇಡವೋ ಎಂದು ಯಾರನ್ನೋ ಕೇಳುವವನ ಹಾಗೆ ತಲೆ ಒಂದು ಕಡೆ ವಾಲಿಸಿ ಕೂತ. ಕೊನೆಗೆ ಅವಳ ಕಣ್ಣನ್ನೇ ದಿಟ್ಟಿಸುತ್ತ ಒಂದು ಮಾತು ಹೇಳಿದ.

“ಏನಂದ್ರು?” ಎಂದರು ಮೇಡಂ.

ಅವನು ಕಾಯುತ್ತಿದ್ದ.

“ನನ್ನನ್ನ ಸಾಯಿಸೋಕೆ ನಿಂತಿರೋರಲ್ಲಿ ಅಕ್ಕನೂ ಒಬ್ಬಳು,” ಎಂದಳು ಅವಳು, “ಹಾಗಂತಿದ್ದಾನೆ, ಮೇಡಂ.”